ನರಿಗೆ ದ್ರಾಕ್ಷಿ ಯಾಕೆ ಎಟುಕಲಿಲ್ಲ?

ಪ್ರಿಯ ಟೀಚರ್ ಅವರಿಗೆ,

ನಮಸ್ಕಾರ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರವನ್ನು ಮಾತ್ರ ಹೇಳುತ್ತೇನೆ. ನೀವು ಹಾಸನದ ಕಡೆಯಿಂದ ವರ್ಗವಾಗಿ ಕೊಡಗಿನ ನಾಪೋಕ್ಲು ಹತ್ತಿರದ ಶಾಲೆಗೆ ಬಂದು ಒಂದು ವರ್ಷವಾಯಿತು. ಮನೆಯಲ್ಲಿ ಬೇರೆ ಬೇರೆ ಭಾಷೆ ಮಾತಾಡುವ 3ನೇ ತರಗತಿಯ ಮಕ್ಕಳು ಪಾಠವನ್ನು ಪಟಪಟ ಓದುತ್ತಾರೆ. ಏನು ಓದಿದೆ ಅಂತ ಕೇಳಿದರೆ ಮುಖ ನೋಡುತ್ತಾರೆ. ‘ಮನೆಯಲ್ಲೂ ಕನ್ನಡವನ್ನೇ ಮಾತಾಡಿ ಅಂತ ಪೋಷಕರಿಗೆ ಹೇಳಿಬಿಡಲಾ?’ ಅನ್ನುವುದು ನಿಮ್ಮ ಪ್ರಶ್ನೆ.

ದಯವಿಟ್ಟು ಹೇಳಬೇಡಿ.

ನಿಮ್ಮ ಪತ್ರದ ಕೊನೆಯಲ್ಲಿ ಒಂದು ಸಣ್ಣ ಮಾತಿದೆ. ನರಿ ಮತ್ತು ದ್ರಾಕ್ಷಿಯ ಕಥೆ ಓದಿದ ಹುಡುಗಿಯೊಬ್ಬಳು, ‘ಅಷ್ಟು ದೊಡ್ಡದಕ್ಕೆ ಹಾರಿದರೂ ಎಟುಕಲ್ವಾ?’ ಅಂತ ಕೇಳಿದಳಂತೆ. ಚಿತ್ರ ಬರಿ ಅಂದರೆ ಪಟ್ಟೆ ಪಟ್ಟೆ ಪ್ರಾಣಿ ಬರೆದಳಂತೆ. ಗಮನವೇ ಇಲ್ಲ ಅಂತ ನಿಮಗೆ ಬೇಸರವಾಗಿದೆ.

ಟೀಚರ್, ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ನರಿ ಅಂದರೆ ಹುಲಿ! ಹಿಂದೆ ಹುಲಿ ಕೊಂದವನನ್ನು ಮದುಮಗನ ಹಾಗೆ ಕೂರಿಸಿ ಗೌರವಿಸುತ್ತಿದ್ದರು. ಅದಕ್ಕೆ ನರಿ ಮಂಗಲ ಅಂತಲೇ ಹೆಸರು. ಅಜ್ಜನ ಬಾಯಲ್ಲಿ ಈ ಮಾತು ಕೇಳಿ ಬೆಳೆದವನು ನಾನು. ಹಾಗಾಗಿ ಆ ಸಾಲು ಓದಿದ ಕೂಡಲೇ ಆ ಮಗುವಿನ ತಲೆಯಲ್ಲಿ ಏನಾಗಿರಬಹುದು ಅಂತ ಹೊಳೆಯಿತು. ಅವಳು ಗಮನವಿಟ್ಟೇ ಓದಿದ್ದಾಳೆ. ಹುಲಿಯ ಎತ್ತರ ನೆನಪು ಮಾಡಿಕೊಂಡಿದ್ದಾಳೆ, ಬಳ್ಳಿಯ ಎತ್ತರ ಊಹಿಸಿದ್ದಾಳೆ, ಎರಡೂ ಹೊಂದುತ್ತಿಲ್ಲ ಅಂತ ಪ್ರಶ್ನೆ ಕೇಳಿದ್ದಾಳೆ. ಅರ್ಥ ಮಾಡಿಕೊಂಡು ಓದುವುದು ಅಂದರೆ ಇದೇ ಅಲ್ವಾ? ತಪ್ಪಿದ್ದು ಒಂದೇ ಒಂದು ಪದ.

ಈ ವಿಷಯದಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದ ಒಂದು ಲೆಕ್ಕ ಇದೆ. 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು ಹೇಳಿದ್ದು. ಓದಿ ಅರ್ಥವಾಗಬೇಕಾದರೆ ಎರಡು ಬೇಕು: ಅಕ್ಷರ ಬಿಡಿಸಿ ಓದಲು ಬರಬೇಕು, ಆ ಮಾತನ್ನು ಕೇಳಿದರೆ ಅರ್ಥವಾಗಬೇಕು. ಇವೆರಡನ್ನು ಅವರು ಕೂಡಲಿಲ್ಲ, ಗುಣಿಸಿದರು. ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಉತ್ತರ ಸೊನ್ನೆಯೇ.

ಇದನ್ನು ನಾಳೆಯೇ ನಿಮ್ಮ ತರಗತಿಯಲ್ಲಿ ನೋಡಬಹುದು. ಮಗು ಓದಿ ಅರ್ಥವಾಗದ ಪಾಠವನ್ನು ನೀವೇ ಗಟ್ಟಿಯಾಗಿ ಓದಿ ಹೇಳಿ. ಆಗ ಅರ್ಥವಾದರೆ ತೊಡಕು ಅಕ್ಷರದಲ್ಲಿದೆ. ಬಹುಶಃ ಒತ್ತಕ್ಷರದ ಹತ್ತಿರ ತಡವರಿಸಿ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲಿನದು ಮರೆತುಹೋಗುತ್ತಿದೆ. ಕನ್ನಡದ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ ಅವರ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನಮ್ಮಲ್ಲಿ ಕಲಿಯುವುದು ಜಾಸ್ತಿ. ಹಾಗಾಗಿ ಅದು 4ನೇ ತರಗತಿವರೆಗೂ ನಡೆಯುತ್ತಲೇ ಇರುತ್ತದೆ ಅಂತ ಅದರಲ್ಲಿದೆ. ಅಂಥ ಮಗುವಿಗೆ ಅಭ್ಯಾಸ ಮತ್ತು ಸಮಯ ಕೊಡಿ, ಗಾಬರಿ ಬೇಡ. ನೀವು ಓದಿ ಹೇಳಿದರೂ ಅರ್ಥವಾಗಲಿಲ್ಲ ಅಂದರೆ, ಇನ್ನೂ ಹತ್ತು ಸಲ ಓದಿಸಿ ಪ್ರಯೋಜನವಿಲ್ಲ. ಅಲ್ಲಿ ಬೇಕಾದದ್ದು ಮಾತು.

ನೀವು ಬರೆದಂತೆ ನಿಮ್ಮ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ ಮಾತಾಡುವವರಿದ್ದಾರೆ. ತೋಟದ ಲೈನ್ ಮನೆಯಿಂದ ಬರುವ ತಮಿಳು ಮಕ್ಕಳಿದ್ದಾರೆ. ಇಷ್ಟೆಲ್ಲ ಭಾಷೆ ನಿಮಗೆ ಬರಬೇಕಾಗಿಲ್ಲ. ಕಥೆಯನ್ನು ನೀವು ಕನ್ನಡದಲ್ಲಿ ಹೇಳಿ, ಮಕ್ಕಳು ತಮ್ಮ ಮಾತಿನಲ್ಲಿ ಒಬ್ಬರಿಗೊಬ್ಬರು ತಿರುಗಿ ಹೇಳಲಿ. ಆಮೇಲೆ ಒಬ್ಬರು ಕನ್ನಡದಲ್ಲಿ ನಿಮಗೆ ಹೇಳಲಿ. ತರಗತಿಯಲ್ಲಿ ತನ್ನ ಭಾಷೆಯವರು ಬೇರೆ ಯಾರೂ ಇಲ್ಲದ ಮಗು ಚಿತ್ರ ಬರೆಯಲಿ, ಅಭಿನಯಿಸಿ ತೋರಿಸಲಿ.

ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ. ಕನ್ನಡದಲ್ಲಿ ಹಾಲು, ಕೊಡವ ತಕ್ಕ್‌ನಲ್ಲಿ ಪಾಲ್, ಮಲಯಾಳ ಮತ್ತು ತಮಿಳಿನಲ್ಲೂ ಪಾಲ್. ನಮ್ಮ ಹಂದಿ ಕೊಡವ ತಕ್ಕ್‌ನಲ್ಲಿ ಪಂದಿ, ಸುಗ್ಗಿ ಹಬ್ಬ ಹುತ್ತರಿ ಅಲ್ಲಿ ಪುತ್ತರಿ. ನಾಲ್ಕು ಪದ ಬರೆಯುವಷ್ಟರಲ್ಲಿ ‘ಹ’ ಇದ್ದಲ್ಲಿ ‘ಪ’ ಬರುತ್ತದೆ ಅಂತ ಮಕ್ಕಳೇ ಕಂಡುಹಿಡಿಯುತ್ತಾರೆ. ಹೀಗೆ ಕಂಡುಕೊಂಡದ್ದು ಅವರಿಗೆ ಮರೆಯುವುದಿಲ್ಲ. ಮನೆಮಾತು ಬಾಯಿಗೆ ಬರಬಾರದು ಅಂದಿದ್ದರೆ ಈ ಸಂತೋಷ ಎಲ್ಲಿ ಸಿಗುತ್ತಿತ್ತು?

ಇನ್ನೊಂದು ವಿಷಯ, ಗೊತ್ತಿರುವ ಸಂಗತಿಯ ಬಗ್ಗೆ ಓದುವುದು. 1988ರಲ್ಲಿ ಅಮೆರಿಕದಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕರು ಮಕ್ಕಳಿಗೆ ಬೇಸ್‌ಬಾಲ್ ಆಟದ ಬಗ್ಗೆ ಒಂದು ಬರಹ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು. ನಮಗೆ ಬೇಸ್‌ಬಾಲ್ ಯಾಕೆ, ಹಾಕಿ ಇದೆಯಲ್ಲ! 1997ರಲ್ಲಿ ಕೊಡಗಿನ ಕರಡ ಗ್ರಾಮದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದ ಬಗ್ಗೆ ನಿಮ್ಮ ಮಕ್ಕಳು ಗಂಟೆಗಟ್ಟಲೆ ಮಾತಾಡಬಲ್ಲರು. ಅವರು ಹೇಳಿದ್ದನ್ನು ಬೋರ್ಡ್ ಮೇಲೆ ಬರೆದು ಅದನ್ನೇ ಓದಿಸಿ. ಕಾಫಿ ಕೊಯ್ಲು, ಜಿಗಣೆ, ತೋಟಕ್ಕೆ ಆನೆ ಬಂದ ರಾತ್ರಿ, ಎಲ್ಲವೂ ಪಾಠವೇ.

ನಿಮಿಷಕ್ಕೆ ಇಷ್ಟು ಪದ ಓದಿಸಬೇಕು ಎಂಬ ಒತ್ತಡದ ಬಗ್ಗೆಯೂ ಬರೆದಿದ್ದೀರಿ. ಚಿಕ್ಕ ಮಕ್ಕಳ ಓದು, ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆಯಲ್ಲಿ 3ನೇ ತರಗತಿಗೆ ನಿಮಿಷಕ್ಕೆ 60 ಪದ ಅನ್ನುವ ಗುರಿ ಇರುವುದು ನಿಜ. ಆದರೆ ಅರ್ಥ ಸಮೇತ ಓದಬೇಕು ಅಂತಲೂ ಅದೇ ಸಾಲಿನಲ್ಲಿದೆ. ಗಡಿಯಾರ ಹಿಡಿದು ಕೂರುವವರು ಆ ಎರಡು ಪದಗಳನ್ನು ಮರೆಯಬಾರದು. ಮಗು ನಡುವೆ ನಿಲ್ಲಿಸಿ ‘ಯಾಕೆ?’ ಅಂತ ಕೇಳಿದರೆ ವೇಗ ಕಡಿಮೆಯಾಗುತ್ತದೆ. ಆಗಲಿ ಬಿಡಿ.

ಪೋಷಕರಿಗೆ ಏನಾದರೂ ಹೇಳಲೇಬೇಕು ಅಂದರೆ ಹೀಗೆ ಹೇಳಿ: ದಿನಾ ರಾತ್ರಿ ಹತ್ತು ನಿಮಿಷ ಮಗುವಿನ ಜೊತೆ ಮಾತಾಡಿ, ನಿಮಗೆ ಸಲೀಸಾದ ಭಾಷೆಯಲ್ಲಿ. ಇವತ್ತು ಯಾವ ಕಥೆ ಓದಿದೆ, ಅದರಲ್ಲಿ ಯಾರದು ತಪ್ಪು, ನೀನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಿ. ಓದು ಬರಹ ಬಾರದ ಅಪ್ಪ ಅಮ್ಮನೂ ಇದನ್ನು ಮಾಡಬಹುದು. ಮಳೆ ಜೋರಾಗಿ ಶಾಲೆಗೆ ರಜೆ ಕೊಟ್ಟ ದಿನಗಳಲ್ಲಂತೂ ಅಜ್ಜಿ ಕಥೆಗಿಂತ ಒಳ್ಳೆಯ ಪಾಠ ಇಲ್ಲ.

ಆ ಹುಡುಗಿಗೆ ಒಂದು ಕೆಲಸ ಕೊಡಿ. ಕನ್ನಡದ ನರಿಗೆ ಅವರ ಮನೆಯಲ್ಲಿ ಏನಂತಾರೆ ಅಂತ ಅಜ್ಜನ ಹತ್ತಿರ ಕೇಳಿಕೊಂಡು ಬಂದು ತರಗತಿಗೆಲ್ಲ ಹೇಳಲಿ. ಆಮೇಲೆ ಕಥೆಯನ್ನು ಮತ್ತೊಮ್ಮೆ ಓದಲಿ. ಅವಳ ಚಿತ್ರ ನಿಮ್ಮ ಬಳಿ ಇನ್ನೂ ಇದ್ದರೆ, ಅವಳನ್ನೂ ಮನೆಯವರನ್ನೂ ಕೇಳಿ ನಮಗೆ ಕಳಿಸಿಕೊಡಿ. ಮಕ್ಕಳ ಪುಟದಲ್ಲಿ ಹಾಕುತ್ತೇವೆ. ಪಟ್ಟೆ ಅಳಿಸಬೇಡಿ.

ಪ್ರೀತಿಯಿಂದ,
ಸಂಪಾದಕ