ಬಿಬಿಎಸ್‌ನಿಂದ ಡೌನ್‌ಲೋಡ್ ನಡುವೆಯೇ ನಿಲ್ಲುತ್ತದೆ, ಅಪ್‌ಲೋಡ್ ಶುರುವೇ ಆಗುವುದಿಲ್ಲ. ಏನು ಮಾಡಬೇಕು?

ನೀವು ಬರೆದದ್ದನ್ನು ಹೀಗೆ ತಿಳಿದುಕೊಂಡಿದ್ದೇನೆ: ಬಾಗಲಕೋಟೆಯಲ್ಲಿ ನಿಮ್ಮ ಹತ್ತಿರ ಡಾಸ್ ಹಾಕಿದ ಹಳೆಯ 486 ಕಂಪ್ಯೂಟರ್, ಹೊರಗಿಡುವ 33.6 (ಸೆಕೆಂಡಿಗೆ 33,600 ಬಿಟ್) ಮೋಡೆಮ್, ಅದರ ಮೂಲಕ ಫೋನ್ ಹಚ್ಚುವ ಟೆಲಿಕ್ಸ್ ಪ್ರೊಗ್ರಾಂ ಇವೆ. ಬೆಳಗಾವಿಯ ನಿಮ್ಮ ಗೆಳೆಯರು ತಾಮ್ರದ ಲ್ಯಾಂಡ್‌ಲೈನ್ ಮೇಲೆ ಬಿಬಿಎಸ್ (ಫೋನ್ ಹಚ್ಚಿ ಸಂದೇಶ ಓದುವ, ಫೈಲ್ ಹಂಚಿಕೊಳ್ಳುವ ಕಂಪ್ಯೂಟರ್ ‘ಬೋರ್ಡ್’) ನಡೆಸುತ್ತಾರೆ. ಫೋನ್ ಹಚ್ಚಿದರೆ ಮೆನು, ಸಂದೇಶ ಎಲ್ಲ ಚೆನ್ನಾಗಿ ಓದಲು ಬರುತ್ತವೆ. ಫೈಲ್ ಇಳಿಸಲು ಹೋದರೆ ಸಿಆರ್‌ಸಿ ದೋಷ (ಬಂದ ಬೈಟುಗಳ ತಾಳೆ ತಪ್ಪಿದೆ ಎಂಬ ಸೂಚನೆ) ಬಂದು ನಿಲ್ಲುತ್ತದೆ, ಏರಿಸಲು ಹೋದರೆ ಸುಮ್ಮನೆ ಕೂತುಬಿಡುತ್ತದೆ. ನೀವು ಫೋನ್ ತಂತಿಯನ್ನು ದೂರಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ತೊಂದರೆ ಮೋಡೆಮ್‌ಗೂ ಕಂಪ್ಯೂಟರ್‌ಗೂ ನಡುವಿನ ಎರಡು ಮೊಳದ ಕೇಬಲ್ಲಿನ ಆಚೀಚೆ ಇದೆ.

ಅದನ್ನು ಹೀಗೆ ಖಚಿತ ಮಾಡಿಕೊಳ್ಳಿ. ಸಂಪರ್ಕ ಸಿಕ್ಕಾಗ ‘ಕನೆಕ್ಟ್’ ಎಂಬ ಸಾಲು ಬರುತ್ತದಲ್ಲ, ಅದರ ಕೊನೆಗೆ ಎಆರ್‌ಕ್ಯೂ, ಎಲ್‌ಎಪಿಎಂ ಅಥವಾ ವಿ.42 ಎಂದಿದೆಯೇ ನೋಡಿ. ಇದ್ದರೆ ಎರಡೂ ಮೋಡೆಮ್‌ಗಳು ತಂತಿಯ ಮೇಲಿನ ದೋಷವನ್ನು ತಾವೇ ತಿದ್ದಿಕೊಳ್ಳುತ್ತಿವೆ. ಗದ್ದಲದ ತಂತಿಯಲ್ಲಿ ವೇಗ ಇಳಿಯಬಹುದು, ಸಂಪರ್ಕ ಕಡಿಯಬಹುದು, ಆದರೆ ಕೆಟ್ಟ ಬೈಟ್ ನಿಮ್ಮ ತನಕ ಬರುವುದಿಲ್ಲ. ಹಾಗಿದ್ದೂ ಫೈಲ್ ಸಾಗಿಸುವ ಪ್ರೊಟೊಕಾಲ್ (ಎರಡೂ ತುದಿ ಒಪ್ಪಿದ ವಿಧಾನ) ಆದ ಝಡ್‌ಮೋಡೆಮ್ ಸಿಆರ್‌ಸಿ ದೋಷ ತೋರಿಸಿತೆಂದರೆ, ಬೈಟುಗಳು ಕಳೆದದ್ದು ಯಾವುದೋ ಒಂದು ತುದಿಯ ಸೀರಿಯಲ್ ಪೋರ್ಟಿನಲ್ಲಿ.

ಅಲ್ಲಿ ಕಳೆಯುವುದೇಕೆ? ಸೀರಿಯಲ್ ಪೋರ್ಟಿನ ಹಳೆಯ 8250, 16450 ಚಿಪ್‌ಗಳು ಬಂದ ಬೈಟನ್ನು ಒಂದೊಂದಾಗಿ ಮಾತ್ರ ಹಿಡಿದಿಡುತ್ತವೆ. ಪೋರ್ಟ್ ವೇಗ ಸೆಕೆಂಡಿಗೆ 38400 ಬಿಟ್ ಇದ್ದರೆ ಸುಮಾರು 260 ಮೈಕ್ರೊಸೆಕೆಂಡಿಗೊಂದು ಬೈಟ್ ಬರುತ್ತದೆ. ಅಷ್ಟರೊಳಗೆ ಪ್ರೊಸೆಸರ್ ಎತ್ತಿಕೊಳ್ಳದಿದ್ದರೆ ಮುಂದಿನದು ಅದರ ಮೇಲೆಯೇ ಬಂದು ಬೀಳುತ್ತದೆ. ಮೆನು ಓದುವಾಗ ಪ್ರೊಸೆಸರ್‌ಗೆ ಬೇರೆ ಕೆಲಸವಿಲ್ಲ, ಅದಕ್ಕೇ ಎಲ್ಲ ಸರಿ ಕಾಣುತ್ತದೆ. ಫೈಲ್ ಇಳಿಸುವಾಗ ಡಿಸ್ಕಿಗೆ ಬರೆಯುವ ಕೆಲಸವೂ ಸೇರುತ್ತದೆ, ಬೈಟುಗಳು ಬಿದ್ದುಹೋಗುವುದು ಆಗಲೇ. 16550ಎ ಚಿಪ್‌ನಲ್ಲಿ 16 ಬೈಟುಗಳ ಜಾಗವಿದೆ, ಅಷ್ಟು ಸಾಕು. ಡಾಸ್ 6 ಜೊತೆ ಬರುವ, ಯಂತ್ರದ ಒಳವಿವರ ತೋರಿಸುವ ಎಂಎಸ್‌ಡಿ ಓಡಿಸಿ, ಕಾಮ್ ಪೋರ್ಟ್‌ಗಳ ಪುಟದ ಕೆಳಸಾಲಿನಲ್ಲಿ ಚಿಪ್‌ನ ಹೆಸರು ನೋಡಿ. ವಿಂಡೋಸ್ ಒಳಗಿಂದ ಓಡಿಸಬೇಡಿ, ತಪ್ಪು ತೋರಿಸಬಹುದು. 8250 ಎಂದಿದ್ದರೆ 16550ಎ ಇರುವ ಐ/ಓ ಕಾರ್ಡ್ ಹುಡುಕಿ. ಸಿಗುವ ತನಕ ಟೆಲಿಕ್ಸ್‌ನಲ್ಲಿ ಪೋರ್ಟ್ ವೇಗ 19200ಕ್ಕೆ ಇಳಿಸಿ. ಸೆಕೆಂಡಿಗೆ 1900 ಬೈಟಿನ ಆಸುಪಾಸು ಬರುತ್ತದೆ, ಆದರೆ ಫೈಲ್ ಪೂರ್ತಿ ಬರುತ್ತದೆ. ಫ್ಲಾಪಿಗೆ ನೇರ ಇಳಿಸಬೇಡಿ, ಹಾರ್ಡ್ ಡಿಸ್ಕಿಗೇ ಇಳಿಸಿ.

ಎರಡನೆಯದು ಫ್ಲೋ ಕಂಟ್ರೋಲ್, ಅಂದರೆ ಮೋಡೆಮ್, ಕಂಪ್ಯೂಟರ್ ಒಂದಕ್ಕೊಂದು ‘ನಿಲ್ಲು, ಕಳಿಸು’ ಎಂದು ಹೇಳುವ ಏರ್ಪಾಡು. ನನ್ನ ಮಟ್ಟಿಗೆ ಜನ ಅತಿ ಹೆಚ್ಚು ಎಡವುವುದು ಇಲ್ಲಿ, ಯಾಕೆಂದರೆ ಅದನ್ನು ಎರಡು ಕಡೆ ಹಚ್ಚಬೇಕು: ಟೆಲಿಕ್ಸ್‌ನಲ್ಲಿ ಆರ್‌ಟಿಎಸ್/ಸಿಟಿಎಸ್ (ಕೇಬಲ್ಲಿನ ಬೇರೆ ತಂತಿಗಳಲ್ಲಿ ಈ ಸೂಚನೆ ಕೊಡುವ ಬಗೆ) ಆನ್, ಮೋಡೆಮ್‌ನಲ್ಲೂ ಅದೇ. ಮೋಡೆಮ್‌ಗೆ ಕೊಡುವ ಆಜ್ಞೆ ಹೀಗೆ: ರಾಕ್‌ವೆಲ್ ಚಿಪ್‌ನ ಮೋಡೆಮ್‌ಗೆ ಎಟಿ&ಕೆ3, ಯುಎಸ್ ರೊಬೋಟಿಕ್ಸ್‌ಗೆ ಎಟಿ&ಎಚ್1&ಆರ್2. ಆಮೇಲೆ ಎಟಿ&ಡಬ್ಲ್ಯು ಕೊಟ್ಟು ಉಳಿಸಿ, ಇಲ್ಲದಿದ್ದರೆ ಮೋಡೆಮ್ ಆರಿಸಿ ಹಚ್ಚಿದಾಗ ಮರೆತಿರುತ್ತದೆ. ಕೇಬಲ್ ಮೂರೇ ತಂತಿಯದಾಗಿದ್ದರೆ ಇದಾವುದೂ ಕೆಲಸ ಮಾಡದು. ಮೋಡೆಮ್‌ಗೆಂದೇ ಮಾಡಿದ, ಎಲ್ಲ ಪಿನ್‌ಗಳಿಗೂ ತಂತಿಯಿರುವ ಕೇಬಲ್ ಬೇಕು.

ಅದೇ ಸೂಚನೆಯನ್ನು ತಂತಿಯ ಬದಲು ಬೈಟುಗಳಿಂದ ಕೊಡುವ ಎಕ್ಸ್‌ಆನ್/ಎಕ್ಸ್‌ಆಫ್ ಆನ್ ಇದ್ದರೆ ಆಫ್ ಮಾಡಿ. ಅದರಲ್ಲಿ 19 ಎಂಬ ಬೈಟ್ ಬಂದರೆ ‘ನಿಲ್ಲು’, 17 ಬಂದರೆ ‘ಮುಂದುವರಿ’ ಎಂದರ್ಥ. ಝಡ್‌ಮೋಡೆಮ್ ಈ ಎರಡನ್ನೂ ವೇಷ ಬದಲಿಸಿ ಕಳಿಸುತ್ತದೆ. ಅದಕ್ಕಿಂತ ಹಳೆಯ ಪ್ರೊಟೊಕಾಲ್ ಎಕ್ಸ್‌ಮೋಡೆಮ್‌ಗೆ ಆ ಬುದ್ಧಿಯಿಲ್ಲ, 19ನೇ ಬ್ಲಾಕಿನ ಸಂಖ್ಯೆಯೇ ಅದನ್ನು ನಿಲ್ಲಿಸಿಬಿಡುತ್ತದೆ. 128 ಬೈಟಿನ ಬ್ಲಾಕಾದ್ದರಿಂದ ಪ್ರತಿ ಸಲವೂ ಎರಡೂವರೆ ಸಾವಿರ ಬೈಟಿನ ಒಳಗೆ ನಿಂತರೆ ಮೊದಲು ಇದನ್ನು ನೋಡಿ. ಟೆಲಿಕ್ಸ್‌ನ ಪೋರ್ಟ್ ಹೊಂದಿಕೆ 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಎಂದಿರಲಿ. ಮೆನುವಿನ ಚೌಕಟ್ಟಿನ ಗೆರೆಗಳಿದ್ದಲ್ಲಿ ಇಂಗ್ಲಿಷಿನ ‘ಡಿ’ ಅಥವಾ ‘ಎಂ’ ಅಕ್ಷರಗಳ ಸಾಲು ಕಂಡರೆ ಎಂಟನೇ ಬಿಟ್ ಹಾರಿಹೋಗುತ್ತಿದೆ ಎಂದೇ ತಿಳಿಯಿರಿ.

ಇನ್ನು ಅಪ್‌ಲೋಡ್. ಇಲ್ಲಿ ಹೆಚ್ಚಾಗಿ ತಪ್ಪುವುದು ಹೆಜ್ಜೆಗಳ ಕ್ರಮ. ಅಪ್, ಡೌನ್ ಎರಡೂ ಫೋನ್ ಹಚ್ಚಿದವರ ಕಡೆಯಿಂದ ನೋಡಿ ಇಟ್ಟ ಹೆಸರು. ಮೊದಲು ಬೋರ್ಡ್‌ಗೆ ಹೇಳಬೇಕು: ಫೈಲ್ ವಿಭಾಗಕ್ಕೆ ಹೋಗಿ ‘ಯು’ ಒತ್ತಿ, ಫೈಲಿನ ಹೆಸರು ಮತ್ತು ವಿವರಣೆ ಕೊಟ್ಟು, ಝಡ್‌ಮೋಡೆಮ್ ಆರಿಸಿ. ಬೋರ್ಡ್ ‘ಸಿದ್ಧ’ ಎಂದ ಮೇಲಷ್ಟೇ ನಿಮ್ಮ ಕೀಲಿಮಣೆಯಲ್ಲಿ ಪೇಜ್‌ಅಪ್ ಒತ್ತಿ ಟೆಲಿಕ್ಸ್‌ಗೂ ಝಡ್‌ಮೋಡೆಮ್ ಎಂದೇ ಹೇಳಿ, ಫೈಲಿನ ದಾರಿ ಕೊಡಿ. ಇಳಿಸುವಾಗ ಪೇಜ್‌ಡೌನ್, ಆದರೆ ಝಡ್‌ಮೋಡೆಮ್‌ನಲ್ಲಿ ಅದೂ ಬೇಕಾಗದು, ಬೋರ್ಡಿನ ಸಂಕೇತ ನೋಡಿ ಟೆಲಿಕ್ಸ್ ತಾನೇ ಶುರು ಮಾಡುತ್ತದೆ. ಅಪ್‌ಲೋಡ್ ಹಾಗೆ ತಾನಾಗಿ ಶುರುವಾಗುತ್ತದೆಂದು ಕಾಯಬೇಡಿ.

ಪರದೆಯನ್ನೇ ನೋಡಿ, ಅದು ಎಲ್ಲ ಹೇಳುತ್ತದೆ. ಎರಡು ನಕ್ಷತ್ರ, ‘ಬಿ’, ಆಮೇಲೆ 00 ಬಂದರೆ ಬೋರ್ಡ್ ಕಳಿಸಲು ನಿಂತಿದೆ. ‘ಬಿ’ ಆದಮೇಲೆ 01 ಬಂದರೆ ನಿಮ್ಮ ಫೈಲಿಗಾಗಿ ಕಾಯುತ್ತಿದೆ. ಬರೀ ‘ಸಿ’ ಅಕ್ಷರ ಮೂರು ಸೆಕೆಂಡಿಗೊಮ್ಮೆ ಬೀಳುತ್ತಿದ್ದರೆ ಆ ಕಡೆ ಎಕ್ಸ್‌ಮೋಡೆಮ್ ಅಥವಾ ವೈಮೋಡೆಮ್ ಕಾಯುತ್ತಿದೆ, ಎರಡೂ ತುದಿಯ ಪ್ರೊಟೊಕಾಲ್ ಬೇರೆಯಾಗಿದೆ. ಇವು ಯಾವುವೂ ಕಾಣದಿದ್ದರೆ ನೋಡಬೇಕಾದ್ದು ಬೆಳಗಾವಿಯ ಯಂತ್ರವನ್ನು. ಝಡ್‌ಮೋಡೆಮ್ ನಡೆಸುವ ಡಿಎಸ್‌ಝಡ್‌ನಂಥ ಹೊರಗಿನ ಪ್ರೊಗ್ರಾಂ ಬೋರ್ಡ್‌ಗೆ ಸಿಗುತ್ತಿಲ್ಲ, ಅಥವಾ ನಿಮಗೆ ಅಪ್‌ಲೋಡ್ ಅನುಮತಿ ಕೊಟ್ಟಿಲ್ಲ, ಅಥವಾ ಡಿಸ್ಕಿನಲ್ಲಿ ಜಾಗ ಕಡಿಮೆಯಾಗಿದೆ. ನಡುವೆ ಸಿಕ್ಕಿಹಾಕಿಕೊಂಡರೆ ಫೋನ್ ಇಡಬೇಡಿ, ಕಂಟ್ರೋಲ್-ಎಕ್ಸ್ ಅನ್ನು ಎಂಟು ಹತ್ತು ಸಲ ಒತ್ತಿ, ಬೋರ್ಡ್ ಮೆನುವಿಗೆ ಮರಳುತ್ತದೆ.

ನಿಜವಾಗಿಯೂ ಸಂಪರ್ಕ ಕಡಿದರೆ ಗಾಬರಿ ಬೇಡ. ಅರ್ಧ ಬಂದ ಫೈಲನ್ನು ಅಳಿಸಬೇಡಿ, ಹೆಸರು ಬದಲಿಸಬೇಡಿ. ಮತ್ತೆ ಫೋನ್ ಹಚ್ಚಿ ಅದೇ ಫೈಲ್ ಕೇಳಿದರೆ ಝಡ್‌ಮೋಡೆಮ್ ಬಿಟ್ಟಲ್ಲಿಂದ ಮುಂದುವರಿಸುತ್ತದೆ. ಚಕ್ ಫೋರ್ಸ್‌ಬರ್ಗ್ 1986ರಲ್ಲಿ ಇದನ್ನು ಮಾಡಿದಾಗ ಕೊಟ್ಟ ದೊಡ್ಡ ಉಪಕಾರ ಇದು. ಒಂದೇ ಎಚ್ಚರ: ಅಷ್ಟರಲ್ಲಿ ಗೆಳೆಯರು ಅದೇ ಹೆಸರಿನಲ್ಲಿ ಹೊಸ ಫೈಲ್ ಇಟ್ಟಿದ್ದರೆ ತಲೆ ಒಂದರದು, ಬಾಲ ಇನ್ನೊಂದರದು ಆಗುತ್ತದೆ. ಹೀಗಾಗಿ ಇಳಿಸಿದ ಪ್ರತಿ ಜಿಪ್ ಅನ್ನೂ ಅದನ್ನು ಬಿಚ್ಚುವ ಪ್ರೊಗ್ರಾಂ ಪಿಕೆಅನ್‌ಜಿಪ್‌ಗೆ ‘-ಟಿ’ ಸೇರಿಸಿ ಪರೀಕ್ಷಿಸಿ.

ಏರಿಸುವ ಮುಂಚೆ ಫೈಲುಗಳನ್ನು ಜಿಪ್ ಮಾಡಿ, ಹೆಸರು ಎಂಟು ಅಕ್ಷರ, ಚುಕ್ಕೆ, ಮೂರು ಅಕ್ಷರದೊಳಗೆ ಇರಲಿ. ಒಳಗೆ ‘ಫೈಲ್_ಐಡಿ.ಡಿಐಝಡ್’ ಎಂಬ ಪುಟ್ಟ ವಿವರಣೆ ಇಡಿ, 45 ಅಕ್ಷರದ 10 ಸಾಲು ಮೀರದಂತೆ. ಹೊಸ ಯಂತ್ರದಲ್ಲಿ ಬರೆದ ಕನ್ನಡ ಪಠ್ಯ ಕಳಿಸುವುದಾದರೆ ಜಿಪ್ ಇನ್ನೂ ಮುಖ್ಯ. ಈಗಿನ ಯಂತ್ರಗಳು ಕನ್ನಡ ಅಕ್ಷರ ಉಳಿಸುವ ಯುಟಿಎಫ್-8ರಲ್ಲಿ ‘ಬೆಳಗಾವಿ’ ಎಂಬ ಒಂದೇ ಪದ 21 ಬೈಟ್ ತಿನ್ನುತ್ತದೆ.

ಸಮಯದ ಲೆಕ್ಕ ಮೊದಲೇ ಹಾಕಿ, ಬೋರ್ಡ್ ದಿನಕ್ಕಿಷ್ಟೇ ನಿಮಿಷ ಎಂದು ಕಟ್ಟಿಹಾಕಿದ್ದರೆ ದೊಡ್ಡ ಫೈಲ್ ಶುರುವಾಗುವುದೇ ಇಲ್ಲ. ಒಂದು 1.44 ಎಂಬಿ ಫ್ಲಾಪಿಯಷ್ಟು ಜಿಪ್ ಸೆಕೆಂಡಿಗೆ 28800 ಬಿಟ್ ವೇಗದಲ್ಲಿ ಎಂಟು ನಿಮಿಷದ ಹತ್ತಿರ, 2400ರಲ್ಲಿ 1 ಗಂಟೆ 42 ನಿಮಿಷ.

ತಂತಿಯ ಮೇಲೆ ಅನುಮಾನ ಉಳಿದಿದ್ದರೆ ರಿಸೀವರ್ ಎತ್ತಿ ಒಂದು ಅಂಕಿ ಒತ್ತಿ, ಡಯಲ್ ಟೋನ್ ನಿಂತಾಗ ಕಿವಿಗೊಡಿ. ಚರಚರ ಕೇಳಿದರೆ ಎಲ್ಲೋ ಜೋಡಣೆ ಸಡಿಲವಾಗಿದೆ ಅಥವಾ ನೀರು ಕುಡಿದಿದೆ, ಮಳೆಗಾಲದ ಬೆಳಗಾವಿಯಲ್ಲಿ ಗೆಳೆಯರೂ ಇದನ್ನು ನೋಡಿಕೊಳ್ಳಲಿ. ಒಂದೇ ಲೈನಿನ ಇನ್ನೊಂದು ಫೋನನ್ನು ಮನೆಯವರು ಎತ್ತದಂತೆ ಹೇಳಿಡಿ, ಕಾಲ್ ವೇಟಿಂಗ್ ತೆಗೆಸಿ. ಇಷ್ಟಾದ ಮೇಲೂ ನಿಂತರೆ ‘ಕನೆಕ್ಟ್’ ಸಾಲನ್ನೂ ಎಂಎಸ್‌ಡಿ ತೋರಿಸಿದ ಚಿಪ್ ಹೆಸರನ್ನೂ ಇಲ್ಲಿ ಬರೆಯಿರಿ, ಮುಂದೆ ನೋಡೋಣ.