ಸವಾಲ್-ಜವಾಬ್: ಆಸ್ಟ್ರೇಲಿಯಾದಾಗ ಕಾರು ಯಾಕ ತಯಾರಾಗವಲ್ವು?

ಪ್ರಶ್ನೆ: ನಮ್ಮ ತಮ್ಮ ಮೆಲ್ಬೋರ್ನ್‌ನಾಗ ಇರ್ತಾನ. ಅಲ್ಲಿ ಶೋರೂಮ್‌ನಾಗ ಆಸ್ಟ್ರೇಲಿಯಾದಾಗೇ ಮಾಡಿದ ಹೊಸಾ ಕಾರು ಒಂದೂ ಸಿಗಂಗಿಲ್ಲ ಅಂತಾನ. ಖರೇ ಏನ್ರಿ? ಅಷ್ಟು ರೊಕ್ಕದ ದೇಶ, ಕಬ್ಬಿಣದ ಅದಿರು ಅಲ್ಲೇ ಸಿಗ್ತದ, ಕಾರು ಮಾಡ್ಲಿಕ್ಕ ಏನು ಧಾಡಿ?
(ಗ್ಯಾರೇಜ್ ಮಾಲೀಕರು, ಆಳಂದ ನಾಕಾ, ಕಲಬುರಗಿ)

ಉತ್ತರ: ಖರೇ ಅದ್ರಿ. ಟ್ರಕ್ ಇನ್ನೂ ಮಾಡ್ತಾರ, ಆದ್ರ ಮಂದಿ ಕೊಳ್ಳೋ ಕಾರು 2017ಕ್ಕೇ ಮುಗೀತು. ಫೋರ್ಡ್ 2016ರ ಅಕ್ಟೋಬರ್ 7ಕ್ಕ ಬ್ರಾಡ್‌ಮೆಡೋಸ್ ಮತ್ತ ಜೀಲಾಂಗ್ ಫ್ಯಾಕ್ಟರಿ ಬಂದ್ ಮಾಡ್ತು, ಮುಂದಿನ ವರ್ಷ ಅಕ್ಟೋಬರ್ 3ಕ್ಕ ಆಲ್ಟೋನಾದಾಗ ಟೊಯೊಟಾ, 20ಕ್ಕ ಅಡಿಲೇಡ್ ಹತ್ರ ಎಲಿಜಬೆತ್‌ನಾಗ ಹೋಲ್ಡನ್. ಹತ್ರಾಹತ್ರ ಒಂದ್ ವರ್ಷದಾಗ ಮೂರಕ್ಕೂ ಕೀಲಿ ಬಿತ್ತು. ಅದಕ್ಕಿಂತ ಮೊದಲೇ ಲೇಲ್ಯಾಂಡ್ 1975ರಾಗ, ನಿಸ್ಸಾನ್ 1992ರಾಗ, ಮಿತ್ಸುಬಿಷಿ 2008ರಾಗ ಗಂಟುಮೂಟಿ ಕಟ್ಟಿದ್ದವು, ಹಂಗಾಗಿ ಇದು ಒಂದ್ ರಾತ್ರ್ಯಾಗ ಆದ ಮಾತಲ್ಲ.

ಹೋಲ್ಡನ್ ಅಂದ್ರ ಅಲ್ಲಿ ಮಂದಿಗೆ ಮನಿ ಗಾಡಿ. 1856ರಾಗ ಕುದುರಿ ಜೀನು ಮಾಡೋ ಅಂಗಡಿ ಆಗಿ ಶುರು ಆದ ಕಂಪನಿ ಅದು, 1931ರಾಗ ಜನರಲ್ ಮೋಟಾರ್ಸ್ ಜೋಡಿ ಸೇರ್ತು, 1948ರ ನವೆಂಬರ್‌ನಾಗ ಪ್ರಧಾನಿ ಬೆನ್ ಚಿಫ್ಲಿ ಮೊದಲನೇ ಹೋಲ್ಡನ್ ಕಾರನ್ನ ಉದ್ಘಾಟನೆ ಮಾಡಿದ್ರು. ಬಾಯ್ತುಂಬ "ನಮ್ಮ ಕಾರು" ಅಂತಿದ್ರು, ಮಾಲಕಿ ಮಾತ್ರ ಅಮೆರಿಕಾದ್ದು, ಇದನ್ನ ನೆನಪಿಟ್ಕೋರಿ ಯಾಕಂದ್ರ ಕಡೀಗೆ ಬಂದ್ ಮಾಡೋ ಫೈಸಲಾ ಆದದ್ದೂ ಡೆಟ್ರಾಯ್ಟ್‌ನಾಗೇ.

ಈಗ ಯಾಕ ಅನ್ನೋದಕ್ಕ ಬರೋಣು. ಎಲ್ಲಾರೂ ಹೇಳೋದು ಸುಂಕ ಇಳಿಸಿದ್ರು ಅದಕ್ಕ ಸತ್ತಿತು ಅಂತ. 1980ರ ದಶಕದ ನಡುವ ಹೊರಗಿನ ಕಾರಿನ ಮ್ಯಾಲ ಶೇ. 57.5 ಸುಂಕ ಇತ್ತು, ಮ್ಯಾಲಿಂದ ಇಷ್ಟೇ ಗಾಡಿ ತರಬೇಕು ಅನ್ನೋ ಕೋಟಾ ಬ್ಯಾರೆ. ಅದನ್ನ ಮೆಟ್ಟಲಾ ಮೆಟ್ಟಲಾ ಇಳಿಸಿ 2010ಕ್ಕ ಶೇ. 5ಕ್ಕ ತಂದ್ರು. ಇದು ಖರೇನೇ, ಆದ್ರ ನನಗ ಕೇಳಿದ್ರ ಅರ್ಧಾ ಕಥಿ ಅಷ್ಟೇ. ಕಾರಿನ ಬಾಡಿ ಒತ್ತೋ ಡೈ, ಪೇಂಟ್ ಶಾಪ್, ಕ್ರ್ಯಾಶ್ ಟೆಸ್ಟ್, ಎಂಜಿನ್ ಡಿಸೈನು, ಇವೆಲ್ಲಾ ಹತ್ತು ಸಾವಿರ ಗಾಡಿ ಮಾಡಿದ್ರೂ ಅಷ್ಟೇ ಖರ್ಚು, ಮೂರು ಲಕ್ಷ ಮಾಡಿದ್ರೂ ಹತ್ರಾಹತ್ರ ಅಷ್ಟೇ. ಈ ಖರ್ಚು ಹಂಚಿ ಹೋಗಬೇಕಂದ್ರ ಒಂದೊಂದ್ ಫ್ಯಾಕ್ಟರಿಯಿಂದ ವರ್ಷಕ್ಕ 2-3 ಲಕ್ಷ ಗಾಡಿ ಹೊರಗ ಬರಬೇಕು. 2013ರಾಗ ಆಸ್ಟ್ರೇಲಿಯಾದ ಮೂರೂ ಕಂಪನಿ ಕೂಡಿ ಮಾಡಿದ್ದೇ ಸುಮಾರು 2 ಲಕ್ಷ! ನಾಕು ಮಂದಿಗೆ ರೊಟ್ಟಿ ಬಡೀಲಿಕ್ಕ ಮೂರು ಒಲಿ ಹಚ್ಚಿ ಕುಂತಂಗ.

ಈ ರೋಗ ಅವ್ರಿಗೆ ಗೊತ್ತಿದ್ದಿಲ್ಲ ಅಂತಲ್ಲ. 1984ರಾಗ ಮಂತ್ರಿ ಜಾನ್ ಬಟನ್ ಅನ್ನೋರು ಒಂದ್ ಪ್ಲಾನ್ ತಂದ್ರು, ದೇಶದಾಗ ತಯಾರಾಗೋ 13 ಮಾಡೆಲ್ ಆರಕ್ಕ ಇಳಿಸ್ಬೇಕು, ಮಾಡೆಲ್ ಕಮ್ಮಿ ಆದ್ರ ಒಂದೊಂದ್ರದ್ದು ಸಂಖ್ಯಾ ಜಾಸ್ತಿ ಆಗ್ತದ ಅಂತ. ಲೆಕ್ಕ ಬರಾಬರ್ ಇತ್ತು. ಕಂಪನಿಗೋಳು ಏನ್ ಮಾಡಿದ್ವು, ಟೊಯೊಟಾ ಕೊರೊಲ್ಲಾಕ್ಕೇ ಹೋಲ್ಡನ್ ನೋವಾ ಅಂತ ಬ್ಯಾಡ್ಜ್ ಬಡಿದು ಮಾರ್ಲಿಕ್ಕ ನಿಂತ್ವು, ಗಿರಾಕಿ ಏನ್ ಹುಚ್ಚನೇನ್ರಿ, ಕೊರೊಲ್ಲಾ ಬೇಕಾದವ ಟೊಯೊಟಾ ಅಂಗಡಿಗೇ ಹೋದ.

ಆಮ್ಯಾಲ ಎರಡು ಪೆಟ್ಟು ಒಟ್ಟಿಗೇ ಬಿದ್ದವು. 2005ರಿಂದ ಥೈಲ್ಯಾಂಡ್ ಜೋಡಿ ಮುಕ್ತ ವ್ಯಾಪಾರದ ಒಪ್ಪಂದ ಆತು, ಥೈಲ್ಯಾಂಡ್ ಗಾಡಿ ಸುಂಕ ಇಲ್ದ ಆಸ್ಟ್ರೇಲಿಯಾಕ್ಕ ಬಂದ್ವು, ಆದ್ರ ಆಸ್ಟ್ರೇಲಿಯಾದ ದೊಡ್ಡ ಎಂಜಿನ್ ಗಾಡಿ ಥೈಲ್ಯಾಂಡ್‌ಗೆ ಹೋಗ್ಬೇಕಂದ್ರ ಎಂಜಿನ್ ಸೈಜ್ ನೋಡಿ ಹಾಕೋ ಟ್ಯಾಕ್ಸ್ ಅಡ್ಡ ಬಂತು. ಇನ್ನೊಂದು, ಗಣಿ ಮಾಲು ಚೀನಾಕ್ಕ ಹೋಗಿ ಹೋಗಿ ಆಸ್ಟ್ರೇಲಿಯಾ ಡಾಲರ್ ಉಬ್ಬಿತು, 2011ರಾಗ ಅಮೆರಿಕಾ ಡಾಲರ್‌ನೂ ದಾಟಿ 1.10ರ ತನಕ ಹೋಯ್ತು, ಹಂಗಾದ್ಮ್ಯಾಲ ಎಕ್ಸ್‌ಪೋರ್ಟ್ ಮಾಡಿ ಏನ್ ಉಳೀತದ? ನೀವು ಕೇಳಿದ ಕಬ್ಬಿಣದ ಅದಿರೇ ಕಾರಿಗೆ ಮುಳುವಾತು ನೋಡ್ರಿ.

ಇನ್ನ ಫ್ಯಾಕ್ಟರಿ ಮಂದೀದೂ ತಪ್ಪದ. ಗಿರಾಕಿ ಸಣ್ಣ ಕಾರು, ಎಸ್‌ಯುವಿ ಕಡಿ ಹೊಂಟ್ರೂ ಇವ್ರು ಫೋರ್ಡ್ ಫಾಲ್ಕನ್, ಹೋಲ್ಡನ್ ಕಮೊಡೋರ್ ಅಂತ ಆರು-ಎಂಟು ಸಿಲಿಂಡರ್ ಸೆಡಾನ್ ಬಿಡ್ಲೇ ಇಲ್ಲ. ಯೂಟ್ ಅಂತ ಹಿಂದ ಟ್ರಾಲಿ ಇರೋ ಕಾರು ಗೊತ್ತಲ್ಲ, ಅದು 1934ರಾಗ ಜೀಲಾಂಗ್ ಫೋರ್ಡ್‌ನಾಗೇ ಹುಟ್ಟಿದ್ದು. 2016ರಾಗ ಆಸ್ಟ್ರೇಲಿಯಾದಾಗ ಎಲ್ಲಾದಕ್ಕಿಂತ ಜಾಸ್ತಿ ಮಾರಾಟ ಆದ ಗಾಡಿ ಟೊಯೊಟಾ ಹೈಲಕ್ಸ್, ಅದೂ ಯೂಟೇ, ತಯಾರಾಗೋದು ಥೈಲ್ಯಾಂಡ್‌ನಾಗ.

ಪ್ರಶ್ನೆ: ಸರ್, ಸರ್ಕಾರ ಸಬ್ಸಿಡಿ ಮುಂದುವರಿಸಿದ್ರ ಉಳೀತಿತ್ತೇನು?
(ಆಟೊಮೊಬೈಲ್ ಡಿಪ್ಲೊಮಾ ವಿದ್ಯಾರ್ಥಿ, ಹುಮನಾಬಾದ್)

ಉತ್ತರ: ಇನ್ನೊಂದು ಮಾಡೆಲ್ ಬರೋತನಕ ಉಳೀತಿತ್ತು ತಮ್ಮಾ, ಅಷ್ಟೇ. ಅಲ್ಲಿ ಪ್ರೊಡಕ್ಟಿವಿಟಿ ಕಮಿಷನ್ ಅನ್ನೋ ಸರ್ಕಾರಿ ಸಲಹಾ ಸಂಸ್ಥಾದ ಲೆಕ್ಕದ ಪ್ರಕಾರ 1997ರಿಂದ 2012ರ ತನಕ ಸುಂಕದ ರಕ್ಷಣೆನೂ ಹಿಡಿದು ಸುಮಾರು 30 ಬಿಲಿಯನ್ ಡಾಲರ್ ಆಸರಾ ಈ ಉದ್ಯಮಕ್ಕ ಸಿಕ್ಕದ. ಅಷ್ಟು ಕೊಟ್ರೂ ಕಡೀಗೆ ಗಾಡಿ ಸಂಖ್ಯಾ ಇಳೀತು. ಇನ್ನೊಂದ್ ತಿಳ್ಕೋ, ಬಿಡಿಭಾಗ ಮಾಡೋ ಸಪ್ಲೈಯರ್ ಮೂರೂ ಕಂಪನಿಗೆ ಮಾಲು ಕೊಟ್ಟು ಬದುಕ್ತಿರ್ತಾನ, ಒಂದ್ ಹೋದ್ರ ಅವನ ಆರ್ಡರ್ ಕಮ್ಮಿ, ಅವ ಮುಳುಗಿದ್ರ ಉಳಿದ ಎರಡಕ್ಕ ಪಾರ್ಟ್ಸ್ ತುಟ್ಟಿ. 2013ರ ಮೇದಾಗ ಫೋರ್ಡ್, ಡಿಸೆಂಬರ್‌ನಾಗ ಹೋಲ್ಡನ್, 2014ರ ಫೆಬ್ರವರಿದಾಗ ಟೊಯೊಟಾ ಹೊಂಟೀವಿ ಅಂತ ಸಾಲಾಗಿ ಹೇಳಿದ್ದು ಸುಮ್ಮ ಅಲ್ಲ.

ಆದ್ರ ರೊಕ್ಕ ಹಾಳು ಅನ್ನೋರ ಜೋಡಿನೂ ನಾ ಪೂರಾ ಒಪ್ಪಂಗಿಲ್ಲ. ಕೆಲಸಾ ಹೋದವ್ರಿಗೆ ಇನ್ನೊಂದ್ ಕೆಲಸಾ ಕಲಿಸೋ ಕೇಂದ್ರ ಫ್ಯಾಕ್ಟರಿ ಒಳಗೇ ತೆಗೆದ್ರು, ಹೇಳೀ ಮೂರು-ನಾಕು ವರ್ಷ ಟೈಮ್ ಕೊಟ್ರು. ನಮ್ಮ ಕಲಬುರಗಿ ಎಂ.ಎಸ್.ಕೆ. ಬಟ್ಟಿ ಮಿಲ್ ಬಂದ್ ಆದಾಗ ಅಂಥಾದ್ದು ಎಲ್ಲಿ ಇತ್ತು? ಏರಿಯಾಕ್ಕ ಮಿಲ್ ಹೆಸರು ಉಳೀತು, ಮಂದಿ ಪುಣೆ-ಮುಂಬೈ ಕಡಿ ಹೋದ್ರು.

ಪ್ರಶ್ನೆ: ನಮ್ಮಪ್ಪಂದು ಅಂಬಾಸಿಡರ್ ಟ್ಯಾಕ್ಸಿ ಇತ್ತು. ನಮ್ಮ ದೇಶದಾಗ ಸುಂಕ ಭಾಳ ಇತ್ತಲ್ಲ, ಮತ್ತ ಅದ್ಯಾಕ ಮುಳುಗ್ತು?
(ಶಿಕ್ಷಕರು, ಶಹಾಪುರ, ಯಾದಗಿರಿ ಜಿಲ್ಲಾ)

ಉತ್ತರ: ಮೇಷ್ಟ್ರ ಸವಾಲು ಭಾರಿ ಅದ. ಆಸ್ಟ್ರೇಲಿಯಾದ್ದು ಬಾಗಿಲಾ ತೆಗೆದು ಹೋದ ಜೀವ, ಇದು ಬಾಗಿಲಾ ಮುಚ್ಚಿ ಹೋದದ್ದು. ಹಿಂದೂಸ್ತಾನ್ ಮೋಟಾರ್ಸ್ ಕಲ್ಕತ್ತಾ ಹತ್ರ ಉತ್ತರಪಾರಾದಾಗ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಡಿಸೈನ್ ತಂದು 1950ರ ದಶಕದ ಕಡೀಗೆ ಅಂಬಾಸಿಡರ್ ಶುರು ಮಾಡ್ತು. ಲೈಸೆನ್ಸ್ ರಾಜ್, ಎರಡ್-ಮೂರು ಕಂಪನಿ ಬಿಟ್ರ ಬ್ಯಾರೆಯವ್ರಿಗೆ ಪರ್ಮಿಟ್ ಇಲ್ಲ, ಬುಕ್ ಮಾಡಿ ವರ್ಷಗಟ್ಟಲೆ ಕಾಯೋ ಗಿರಾಕಿ. ಹಿಂಗಿದ್ಮ್ಯಾಲ ಹೊಸಾ ಮಾಡೆಲ್ ಯಾರ್ ಮಾಡ್ತಾರ? 1983ರ ಡಿಸೆಂಬರ್‌ನಾಗ ಮಾರುತಿ 800 ಬಂದದ್ದೇ ತಡ, ಮನಿ ಮಂದಿ ಎಲ್ಲಾ ಆ ಕಡಿ ಹೋದ್ರು, ಇದಕ್ಕ ಸರ್ಕಾರಿ ಆಫೀಸ್ ಮತ್ತ ಟ್ಯಾಕ್ಸಿ ಉಳೀತು. 2014ರ ಮೇದಾಗ ಬಂದ್ ಆಗೋ ಮುಂದ ದಿನಕ್ಕ ಐದು ಗಾಡಿ ಬರ್ತಿದ್ವು. ಹೆಸರು 2017ರಾಗ 80 ಕೋಟಿಗೆ ಫ್ರಾನ್ಸಿನ ಪೂಷೋ ಪಾಲಾಯ್ತು. ಬೆಂಗಳೂರಾಗ ಸಿಪಾನಿಯವ್ರು ಡಾಲ್ಫಿನ್ ಅಂತ ಫೈಬರ್ ಬಾಡಿ ಕಾರು ಮಾಡ್ತಿದ್ರು, ಮಾರುತಿ ಮುಂದ ಅದೂ ನಿಲ್ಲಲಿಲ್ಲ.

ಪ್ರಶ್ನೆ: ಶೆವ್ರೊಲೆ ಹೋಯ್ತು, ಫೋರ್ಡ್ ಹೋಯ್ತು. ನಮ್ಮದೂ ಅದೇ ಹಾದಿ ಏನು?
(ವ್ಯಾಪಾರಿ, ಬೀದರ್)

ಉತ್ತರ: ಇಲ್ರಿ, ಹೆದರಬ್ಯಾಡ್ರಿ. ನಮ್ಮಲ್ಲಿ ವರ್ಷಕ್ಕ 40 ಲಕ್ಷಕ್ಕೂ ಜಾಸ್ತಿ ಕಾರು ತಯಾರಾಗ್ತಾವ, ಸಂಖ್ಯಾ ಇದ್ದಲ್ಲಿ ಫ್ಯಾಕ್ಟರಿ ಸಹಜಾ ಖಾಲಿ ಬೀಳಂಗಿಲ್ಲ. ಫೋರ್ಡ್‌ನ ಸಾಣಂದ್ ಫ್ಯಾಕ್ಟರಿ ಟಾಟಾ ತೊಗೊಂಡ್ತು, ಶೆವ್ರೊಲೆ ಮಾಡ್ತಿದ್ದ ಜನರಲ್ ಮೋಟಾರ್ಸ್‌ನ ತಳೇಗಾಂವ್ ಫ್ಯಾಕ್ಟರಿ ಹ್ಯುಂಡೈ ಕೈಗೆ ಹೋಯ್ತು. ನಿಮ್ಮ ಮಗ್ಗಲಾಗೇ ನೋಡ್ರಿ, ಜಹೀರಾಬಾದ್‌ನಾಗ ಆಲ್ವಿನ್ ನಿಸ್ಸಾನ್ ಅಂತ ಸಣ್ಣ ಟ್ರಕ್ ಮಾಡ್ತಿದ್ರು, ಆ ಕಂಪನಿ ಮಹೀಂದ್ರಾ ಕೈಗೆ ಹೋಗಿ ಈಗ ಅಲ್ಲಿ ಟ್ರ್ಯಾಕ್ಟರ್ ತಯಾರಾಗ್ತಾವ. ಹಳಿ ಫೋರ್ಡ್ ಇದ್ರ ಮಾರೋ ಗಡಿಬಿಡಿ ಬ್ಯಾಡ, ಸರ್ವಿಸ್, ಪಾರ್ಟ್ಸ್ ಕಂಪನಿ ಬಿಟ್ಟಿಲ್ಲ, 2024ರಾಗ ಚೆನ್ನೈ ಫ್ಯಾಕ್ಟರಿ ಎಕ್ಸ್‌ಪೋರ್ಟ್ ಸಲುವಾಗಿ ಮತ್ತ ತೆಗೀತೀವಿ ಅಂತನೂ ಹೇಳ್ಯಾರ.