ದೂರಿನ ಪೆಟ್ಟಿಗೆ ಮಗುವಿನ ಕೈಗೆ ಎಟುಕುತ್ತಾ?

ಓದುಗರ ಪತ್ರ: ಪರಿಹಾರ ಶಿಬಿರಗಳಲ್ಲಿ ನೆರವು ಕೊಡುವವರಿಂದಲೇ ಮಕ್ಕಳ ಮೇಲೆ ದೌರ್ಜನ್ಯ ನಡೆಯುತ್ತದೆ ಎಂಬ ನಿಮ್ಮ ಲೇಖನ ಓದಿ ಬೇಸರವಾಯಿತು. ಎಲ್ಲೋ ನಾಲ್ಕು ಜನ ಕೆಟ್ಟವರು ಮಾಡಿದ್ದನ್ನು ಹೀಗೆ ದೊಡ್ಡದು ಮಾಡಿದರೆ ಜನ ಹಣ ಕೊಡುವುದನ್ನೇ ನಿಲ್ಲಿಸುತ್ತಾರೆ. ಆಗ ಹಸಿವಿನಿಂದ ಸಾಯುವವರೂ ಮಕ್ಕಳೇ ಅಲ್ಲವೇ? ನಾನು ಹತ್ತು ವರ್ಷದಿಂದ ಒಂದು ಸಂಸ್ಥೆಗೆ ಪ್ರತಿ ತಿಂಗಳೂ ಹಣ ಕಳಿಸುತ್ತಿದ್ದೇನೆ. ಇನ್ನು ನಿಲ್ಲಿಸಲೇ?

ಸಂಪಾದಕರ ಉತ್ತರ: ನಿಲ್ಲಿಸಬೇಡಿ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ಹತ್ತು ವರ್ಷ ಒಂದು ತಿಂಗಳೂ ತಪ್ಪದೆ ಕಳಿಸುವುದು ಸಣ್ಣ ಮಾತಲ್ಲ. ಜೀವ ಪಣಕ್ಕಿಟ್ಟು ದುಡಿಯುವ ಒಳ್ಳೆಯವರು ಸಾವಿರಾರು ಜನ ಇದ್ದಾರೆ, ಅದನ್ನೂ ಒಪ್ಪುತ್ತೇನೆ. ಆದರೆ 'ಎಲ್ಲೋ ನಾಲ್ಕು ಜನ' ಅಂದಿರಲ್ಲ, ಆ ಮಾತು ನನಗೆ ಗಂಟಲಿನಲ್ಲಿ ಇಳಿಯುತ್ತಿಲ್ಲ.

2001ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಮತ್ತು ಬ್ರಿಟನ್ನಿನ ಸೇವ್ ದಿ ಚಿಲ್ಡ್ರನ್ ಎಂಬ ಮಕ್ಕಳ ಸೇವಾಸಂಸ್ಥೆ ಸೇರಿ ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ನ ಶಿಬಿರಗಳಿಗೆ ಹೋದವು. ಮಕ್ಕಳನ್ನೇ ಕೂರಿಸಿಕೊಂಡು ಮಾತಾಡಿಸಿದವು. ಮರುವರ್ಷ ಹೊರಬಂದ ವರದಿಯಲ್ಲಿ 40 ಸಂಸ್ಥೆಗಳ 67 ಜನರ ಮೇಲೆ ಆರೋಪವಿತ್ತು. ದೌರ್ಜನ್ಯಕ್ಕೆ ಸಿಕ್ಕವರಲ್ಲಿ ಹೆಚ್ಚಿನವರು 13ರಿಂದ 18ರ ವಯಸ್ಸಿನ ಹುಡುಗಿಯರು. ಎಣ್ಣೆ, ಗೋಧಿ ನುಚ್ಚು, ಮಳೆಗೆ ಮರೆಯಾಗುವ ಪ್ಲಾಸ್ಟಿಕ್ ಹಾಳೆ, ಎಲ್ಲವೂ ಅವರ ಹೆಸರಿನಲ್ಲೇ ಬಂದ ಸಾಮಾನು. ಅದನ್ನು ಪಡೆಯಲು ಅವರು ಮೈಯನ್ನು ಬೆಲೆಯಾಗಿ ಕೊಡಬೇಕಿತ್ತು. ಆಮೇಲೆ ವಿಶ್ವಸಂಸ್ಥೆಯ ಒಳತನಿಖೆಯಲ್ಲಿ ಬಹಳಷ್ಟು ಆರೋಪಗಳು ರುಜುವಾತಾಗಲಿಲ್ಲ, ನಿಜ. ಸಮಸ್ಯೆ ಇರುವುದು ಹೌದು ಎಂದು ಆ ತನಿಖೆಯೂ ಒಪ್ಪಿತು. ಊಟದ ಪಟ್ಟಿಯಿಂದ ಹೆಸರು ಹೋದರೆ ಗತಿಯೇನು ಎಂದು ಹೆದರಿದ ಮಗು ಸಾಕ್ಷಿ ಹೇಳೀತು ಹೇಗೆ?

ನಾನು ಕಣ್ಣಾರೆ ಕಂಡದ್ದೊಂದನ್ನು ಹೇಳುತ್ತೇನೆ. ವರ್ಷಗಳ ಹಿಂದೆ ಒಂದು ಪರಿಹಾರ ಶಿಬಿರದಲ್ಲಿ ಎರಡು ದಿನ ಇದ್ದೆ. ಗೋದಾಮಿನ ಬಾಗಿಲ ಪಕ್ಕ ಗೋಡೆಗೆ ದೂರಿನ ಪೆಟ್ಟಿಗೆ ಹೊಡೆದಿದ್ದರು. ಹೊಸ ಬಣ್ಣ, ಹೊಸ ಬೀಗ. ನನ್ನ ಕತ್ತಿನ ಮಟ್ಟಕ್ಕಿತ್ತು. ಅದರ ಕೆಳಗೇ ಕುರ್ಚಿ ಹಾಕಿಕೊಂಡು ಕೂತಿದ್ದವನು ರೇಷನ್ ಪಟ್ಟಿ ಹಿಡಿದವನು. ಚೀಟಿ ಹಾಕಬೇಕಾದರೆ ಅವನ ತಲೆ ಮೇಲಿಂದ ಕೈ ಚಾಚಬೇಕು. ಸಾಲಿನಲ್ಲಿ ಒಂಬತ್ತೋ ಹತ್ತೋ ವರ್ಷದ ಹುಡುಗಿಯೊಬ್ಬಳು ತಮ್ಮನನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದಳು. ಪಟ್ಟಿ ಹಿಡಿದವನು ಹೆಸರು ಕೂಗುವಷ್ಟು ಹೊತ್ತೂ ಅವಳ ಕಣ್ಣು ಅವನ ಮುಖದ ಮೇಲೇ ಇತ್ತು. ಇವತ್ತು ಇವನ ಮನಸ್ಸು ಹೇಗಿದೆ ಎಂದು ಅಳೆಯುವ ಹಾಗೆ. ಅಲ್ಲಿ ತಪ್ಪು ನಡೆದಿತ್ತು ಅನ್ನುತ್ತಿಲ್ಲ. ನಡೆದಿದ್ದರೆ ಅವಳು ಯಾರ ಹತ್ತಿರ ಹೇಳಬೇಕಿತ್ತು?

ನಿಯಮಗಳಿಗೆ ಬರವಿಲ್ಲ. 2003ರಲ್ಲಿ ವಿಶ್ವಸಂಸ್ಥೆಯ ಆಗಿನ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಸಿಬ್ಬಂದಿಗೆ ಹೊರಡಿಸಿದ ಆದೇಶ ಸ್ಪಷ್ಟವಾಗಿದೆ. ಸ್ಥಳೀಯ ಕಾನೂನು ಏನೇ ಇರಲಿ, 18 ತುಂಬದವರ ಜೊತೆ ಲೈಂಗಿಕ ಸಂಪರ್ಕ ಕೂಡದು. ವಯಸ್ಸು ಗೊತ್ತಿರಲಿಲ್ಲ ಎಂಬ ನೆಪವೂ ನಡೆಯದು. ಇಷ್ಟಾದರೂ ಕಾಂಗೋದಲ್ಲಿ 2018ರಿಂದ 2020ರವರೆಗೆ ಎಬೋಲಾ ಹರಡಿದ್ದಾಗ ಏನಾಯಿತು ನೋಡಿ. ವಿಶ್ವ ಆರೋಗ್ಯ ಸಂಸ್ಥೆಯೇ ನೇಮಿಸಿದ ಸ್ವತಂತ್ರ ಆಯೋಗ 2021ರ ವರದಿಯಲ್ಲಿ ಲೈಂಗಿಕ ದೌರ್ಜನ್ಯದ 83 ಆರೋಪಿಗಳನ್ನು ಗುರುತಿಸಿತು. ಅವರಲ್ಲಿ 21 ಜನ ವಿಶ್ವ ಆರೋಗ್ಯ ಸಂಸ್ಥೆಗೆ ದುಡಿದವರು. ರಸ್ತೆಬದಿಯಲ್ಲಿ ಫೋನ್ ಕಾರ್ಡ್ ಮಾರುತ್ತಿದ್ದ ಹದಿಮೂರರ ಆಸುಪಾಸಿನ ಹುಡುಗಿಗೆ 'ಬಾ, ಮನೆಗೆ ಬಿಡುತ್ತೇನೆ' ಎಂದವನು ಆ ಸಂಸ್ಥೆಯ ಗಾಡಿಯ ಚಾಲಕನಂತೆ. ಆಯೋಗದ ಮುಂದೆ ಅವಳೇ ಹೇಳಿದ್ದು. ಮುಂದಿನದನ್ನು ಬರೆಯಲು ನನಗೆ ಕೈ ಬರುವುದಿಲ್ಲ.

ಇನ್ನು ಜನ ಹಣ ನಿಲ್ಲಿಸುತ್ತಾರೆ ಎಂಬ ನಿಮ್ಮ ಹೆದರಿಕೆ. ಹೈಟಿಯಲ್ಲಿ 2010ರ ಭೂಕಂಪದ ನಂತರ ಆಕ್ಸ್‌ಫ್ಯಾಮ್ ಎಂಬ ಬ್ರಿಟನ್ನಿನ ನೆರವು ಸಂಸ್ಥೆಯ ಕೆಲವು ಸಿಬ್ಬಂದಿಯ ಲೈಂಗಿಕ ದುರ್ನಡತೆ 2011ರಲ್ಲೇ ಸಂಸ್ಥೆಗೆ ಗೊತ್ತಾಗಿತ್ತು. ಅಲ್ಲಿನ ಮುಖ್ಯಸ್ಥನಿಗೆ ರಾಜೀನಾಮೆ ಕೊಟ್ಟು ಹೋಗಲು ಬಿಟ್ಟರು. ಅವನು ಬಾಂಗ್ಲಾದೇಶದಲ್ಲಿ ಬೇರೆ ಸಂಸ್ಥೆಯ ಕೆಲಸಕ್ಕೆ ಸೇರಿದ. 2018ರಲ್ಲಿ ಪತ್ರಿಕೆಯೊಂದು ಬಯಲಿಗೆಳೆದಾಗ ಸಾವಿರಾರು ದಾನಿಗಳು ಕೈಬಿಟ್ಟರು. ಮೊದಲೇ ಪೂರ್ತಿ ಹೇಳಿದ್ದರೆ ಅಷ್ಟು ಜನ ಹೋಗುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಏಳು ವರ್ಷ ಮುಚ್ಚಿಟ್ಟದ್ದೇ ಜಾಸ್ತಿ ಸುಟ್ಟಿತು.

ಈಗ ನಿಮ್ಮ ಮೇಲೂ ಸ್ವಲ್ಪ ಸಿಟ್ಟಾಗುತ್ತೇನೆ, ನನ್ನನ್ನೂ ಸೇರಿಸಿಯೇ. ಹಣ ಕೊಡುವಾಗ ನಾವೆಲ್ಲ ಕೇಳುವುದು ಒಂದೇ: 'ಪೂರ್ತಿ ಮಕ್ಕಳಿಗೇ ಹೋಗುತ್ತಾ? ಆಫೀಸು ಖರ್ಚಿಗೆ ಎಷ್ಟು?' ಆ ಖರ್ಚು ಕಡಿಮೆ ತೋರಿಸಿದವರನ್ನು ಹೊಗಳುತ್ತೇವೆ. ಹೊಸಬನನ್ನು ಸೇರಿಸಿಕೊಳ್ಳುವ ಮುಂಚೆ ಅವನ ಹಳೆಯ ಸಂಸ್ಥೆಗೆ ಫೋನ್ ಮಾಡಿ ವಿಚಾರಿಸುವವಳ ಸಂಬಳ ಎಲ್ಲಿಂದ ಬರಬೇಕು? ಮಕ್ಕಳ ಜೊತೆ ನೆಲದ ಮೇಲೆ ಕೂತು ಅವರ ಭಾಷೆಯಲ್ಲೇ ಮಾತಾಡಿಸುವವಳ ಸಂಬಳ? ಅದೂ ಆಫೀಸು ಖರ್ಚೇ ಅಲ್ವಾ? ಅತ್ತ ಅಳುವ ಮಗುವಿನ ಫೋಟೊ ಇಲ್ಲದಿದ್ದರೆ ನಮ್ಮ ಕೈ ಜೇಬಿಗೆ ಹೋಗುವುದಿಲ್ಲ. ಪತ್ರಿಕೆಯವರಾಗಿ ಅಂಥ ಫೋಟೊ ನಾವೂ ಹಾಕಿದ್ದೇವೆ. ಆ ಮಗುವನ್ನು ಯಾರೂ ಕೇಳಿರುವುದಿಲ್ಲ.

ಹಾಗಾಗಿ ಈ ತಿಂಗಳ ಹಣದ ಜೊತೆ ಒಂದು ಪತ್ರವನ್ನೂ ಕಳಿಸಿ. ದೂರು ಕೇಳುವವರು ಯಾರು, ರೇಷನ್ ಹಂಚುವವರಿಂದ ಅವರು ಬೇರೆಯಾ ಎಂದು ಕೇಳಿ. ಕೆಟ್ಟ ನಡತೆಯವರ ಮಾಹಿತಿಯನ್ನು ಸಂಸ್ಥೆಗಳು ಒಂದಕ್ಕೊಂದು ತಿಳಿಸುವ ವ್ಯವಸ್ಥೆ 2019ರಿಂದ ಇದೆ, ಅದಕ್ಕೆ ಸೇರಿದ್ದೀರಾ ಎಂದೂ ಕೇಳಿ. ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳಿಸಿ, ಇದೇ ಪುಟದಲ್ಲಿ ಹಾಕುತ್ತೇವೆ. ಬಾರದಿದ್ದರೆ ಅದನ್ನೂ ತಿಳಿಸಿ.